ಬೆಂಗಳೂರಿನಿಂದ ಸ್ಟುಟ್‌ಗಾರ್ಟ್‌ಗೆ: ಡೆಸ್ಕ್‌ಟಾಪ್, ಟಿವಿ, ಆಂಪ್ಲಿಫೈಯರ್ ಒಯ್ಯುವುದಾ, ಇಲ್ಲೇ ಬಿಡುವುದಾ?

ರಾಜಾಜಿನಗರ ರೆಂಡರ್:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗುತ್ತಿದ್ದೇನೆ, ಹೆಂಡತಿ, ಮಗಳು ಜೊತೆಗೇ ಬರುತ್ತಾರೆ. ನಾಲ್ಕೈದು ವರ್ಷವಾದರೂ ಅಲ್ಲೇ ಇರುವ ಲೆಕ್ಕ. ಬಟ್ಟೆಬರೆ, ಪಾತ್ರೆಪಗಡದ ಚಿಂತೆ ಇಲ್ಲ, ತಲೆಬಿಸಿ ಇರುವುದು ಎಲೆಕ್ಟ್ರಾನಿಕ್ಸ್ ಸಾಮಾನಿನದು.

ನಾನೇ ಜೋಡಿಸಿದ ಡೆಸ್ಕ್‌ಟಾಪ್ ಇದೆ. ರೈಜೆನ್ 5900ಎಕ್ಸ್ ಪ್ರೊಸೆಸರ್, ಮೂರು ಸ್ಲಾಟ್ ಜಾಗ ನುಂಗುವ ಗ್ರಾಫಿಕ್ಸ್ ಕಾರ್ಡ್, ಮೇಲೆ ದೊಡ್ಡ ಏರ್ ಕೂಲರ್, ಕ್ಯಾಬಿನೆಟ್‌ನ ಒಂದು ಪಕ್ಕ ಪೂರ್ತಿ ಗಾಜು. ಒಳಗೆ ಎರಡು ಹಾರ್ಡ್ ಡಿಸ್ಕ್, ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋ, ವಿಡಿಯೋ ಎಲ್ಲ ಅದರಲ್ಲೇ ಇದೆ. 27 ಇಂಚಿನ ಎರಡು ಮಾನಿಟರ್, 55 ಇಂಚಿನ ಟಿವಿ, ಯುಪಿಎಸ್, ಇಂಕ್ ಪ್ರಿಂಟರ್. ಜೊತೆಗೆ ಅಪ್ಪನ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಮತ್ತು ಸೋನೋಡೈನ್ ಸ್ಪೀಕರ್ ಜೋಡಿ, ಇವತ್ತಿಗೂ ಚೆನ್ನಾಗಿ ಹಾಡುತ್ತವೆ. ಹೆಂಡತಿ ಮಿಕ್ಸಿ ಮತ್ತು ಟೇಬಲ್ ಟಾಪ್ ಗ್ರೈಂಡರ್ ಬಿಟ್ಟು ಬರುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದಾಳೆ.

ಕಂಪನಿ ಸಾಗಣೆಗೆ ಅಂತ ಒಂದು ಮೊತ್ತ ಕೊಡುತ್ತದೆ, ಅದರಲ್ಲೇ ಎಲ್ಲ ಮುಗಿಸಬೇಕು. ಭಾವ ಹೇಳುವುದು ಎಲ್ಲ ಮಾರಿ ಹೋಗು ಅಂತ. ಸ್ನೇಹಿತನೊಬ್ಬ ಕಾರ್ಡನ್ನು ಇಲ್ಲೇ ಹೊಸದಕ್ಕೆ ಬದಲಾಯಿಸಿಕೊಂಡು ಹೋಗು ಅನ್ನುತ್ತಾನೆ. ಅಲ್ಲಿ ಕರೆಂಟ್ ಹೊಂದುತ್ತದಾ? ಕಸ್ಟಮ್ಸ್‌ನಲ್ಲಿ ಹಣ ಕೇಳುತ್ತಾರಾ? ವಿಮಾನದಲ್ಲಾ, ಹಡಗಲ್ಲಾ? ಹೋಗಿ ಬಂದವರು, ಸಾಗಿಸಿದವರು ದಯವಿಟ್ಟು ಹೇಳಿ.

ನೆಕ್ಕರ್ ದಂಡೆ:

ಸರ್, ನಾನು ಸ್ಟುಟ್‌ಗಾರ್ಟ್ ಪಕ್ಕದಲ್ಲೇ ಇದ್ದೇನೆ. ಮೊದಲು ಸಿಹಿ ಸುದ್ದಿ. ಜರ್ಮನಿಯಲ್ಲೂ 230 ವೋಲ್ಟ್, 50 ಹರ್ಟ್ಸ್, ನಮ್ಮದೇ ಕರೆಂಟ್. ಡೆಸ್ಕ್‌ಟಾಪ್, ಮಿಕ್ಸಿ, ಗ್ರೈಂಡರ್, ಆಂಪ್ಲಿಫೈಯರ್ ಯಾವುದಕ್ಕೂ ಟ್ರಾನ್ಸ್‌ಫಾರ್ಮರ್ ಬೇಡ. ಮೇಡಂಗೆ ಧೈರ್ಯವಾಗಿ ಹೇಳಿ, ಗ್ರೈಂಡರ್ ಬರಲಿ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ದೋಸೆ ಹಿಟ್ಟು ರುಬ್ಬುವುದು ಊರಿನಿಂದ ತಂದ ಗ್ರೈಂಡರ್‌ನಲ್ಲೇ. ಇಲ್ಲಿನ ಅಂಗಡಿಯ ಬ್ಲೆಂಡರ್‌ಗಳಲ್ಲಿ ಗಟ್ಟಿ ಚಟ್ನಿ ರುಬ್ಬಲು ಹೋದರೆ ಮೋಟಾರ್ ಬಿಸಿಯಾಗಿ ನಿಲ್ಲುತ್ತದೆ.

ಬೇರೆ ಇರುವುದು ಪ್ಲಗ್ ಮಾತ್ರ. ನಮ್ಮ 6 ಆಂಪ್ ಮೂರು ಪಿನ್ ಪ್ಲಗ್‌ನಲ್ಲಿ ಫೇಸ್, ನ್ಯೂಟ್ರಲ್ ಪಿನ್‌ಗಳ ದಪ್ಪ ಸುಮಾರು 5.1 ಮಿಲಿಮೀಟರ್. ಇಲ್ಲಿನ ಶುಕೋ ಪ್ಲಗ್‌ನದು 4.8. ಮೇಲಿನ ದಪ್ಪ ಅರ್ತ್ ಪಿನ್‌ಗೆ ಇಲ್ಲಿ ತೂತೇ ಇಲ್ಲ, ಸಾಕೆಟ್ ಗುಂಡಿಯ ಅಂಚಿನಲ್ಲಿ ಎರಡು ತಗಡಿನ ಪಟ್ಟಿ ಇರುತ್ತವೆ, ಅವೇ ಅರ್ತ್. ಮಾರುಕಟ್ಟೆಯ ಅಗ್ಗದ ಅಡಾಪ್ಟರ್‌ಗಳಲ್ಲಿ ಎಷ್ಟೋ ಈ ಪಟ್ಟಿಗೆ ತಾಗುವುದೇ ಇಲ್ಲ. ಅಂದರೆ ಅರ್ತ್ ಇಲ್ಲದೆ ಓಡುತ್ತವೆ. ಲೋಹದ ಮೈಯ ಗ್ರೈಂಡರ್, ಕ್ಯಾಬಿನೆಟ್‌ಗೆ ಅಂಥ ಅಡಾಪ್ಟರ್ ಹಾಕಲೇಬೇಡಿ. ಡೆಸ್ಕ್‌ಟಾಪ್, ಮಾನಿಟರ್‌ಗಳ ಹಿಂದೆ ಬಿಚ್ಚಿ ಹಾಕುವ ಪವರ್ ಕೇಬಲ್ ಇದೆಯಲ್ಲ, ಅದನ್ನೇ ಇಲ್ಲಿ ಶುಕೋ ತುದಿಯದ್ದು ಕೊಂಡರೆ ಮುಗಿಯಿತು, ನಾಲ್ಕೈದು ಯೂರೋ. ಮಿಕ್ಸಿ, ಗ್ರೈಂಡರ್‌ಗೆ ಪ್ಲಗ್ ಕತ್ತರಿಸಿ ಮೂರು ತಂತಿಯ ಶುಕೋ ಪ್ಲಗ್ ಕೂರಿಸಬೇಕು. ಕೆಲಸ ಗೊತ್ತಿದ್ದವರ ಹತ್ತಿರ ಮಾಡಿಸಿ.

ಈಗ ಕಸ್ಟಮ್ಸ್. ಇದನ್ನು ಗಮನವಿಟ್ಟು ಓದಿ, ಹಣ ಹೋಗುವುದು ಇಲ್ಲೇ. ಯುರೋಪಿಯನ್ ಒಕ್ಕೂಟದ 1186/2009 ನಿಯಮದ ಪ್ರಕಾರ ಮನೆ ಬದಲಿಸಿಕೊಂಡು ಬರುವವರ ಸ್ವಂತ ಸಾಮಾನಿಗೆ ತೆರಿಗೆ ಮಾಫಿ ಇದೆ. ಆದರೆ ನೀವು ಕನಿಷ್ಠ 12 ತಿಂಗಳು ಒಕ್ಕೂಟದ ಹೊರಗೆ ವಾಸವಾಗಿರಬೇಕು, ಮತ್ತು ಆ ಸಾಮಾನು ಹೊರಡುವ ಮೊದಲು ಕನಿಷ್ಠ 6 ತಿಂಗಳು ನಿಮ್ಮ ಬಳಿ ಇದ್ದು ಬಳಕೆಯಲ್ಲಿರಬೇಕು. ಬಂದು ನೆಲೆಸಿದ 12 ತಿಂಗಳೊಳಗೆ ತರಿಸಿಕೊಳ್ಳಬೇಕು, ತಂದ ಮೇಲೆ 12 ತಿಂಗಳು ಮಾರುವ ಹಾಗಿಲ್ಲ, ಬಾಡಿಗೆಗೂ ಕೊಡುವ ಹಾಗಿಲ್ಲ. ನಿಮ್ಮ ಸ್ನೇಹಿತ ಹೇಳಿದ ಹೊಸ ಕಾರ್ಡ್ ವಿಷಯ ಅದಕ್ಕೇ ಬೇಡ. ಹೊರಡುವ ಹಿಂದಿನ ತಿಂಗಳು ಕೊಂಡ ಕಾರ್ಡ್ ಈ ಮಾಫಿಗೆ ಬರುವುದಿಲ್ಲ. ವಿಮಾನದಲ್ಲಿ ಬರುವವರಿಗೆ ಸುಮ್ಮನೆ ಬಿಡುವ ಮಿತಿ 430 ಯೂರೋ, ಅದರ ಮೇಲೆ ಹೋದರೆ ಕಂಪ್ಯೂಟರ್ ಭಾಗಗಳಿಗೂ ಶೇ 19ರ ಆಮದು ತೆರಿಗೆ ಬೀಳುತ್ತದೆ.

ಹಳೇ ಬಿಲ್‌ಗಳೆಲ್ಲ ಇವೆಯಾ? ಆನ್‌ಲೈನ್ ಆರ್ಡರ್ ಆಗಿದ್ದರೆ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ. ಸಾಮಾನಿನ ಪಟ್ಟಿ ಬರೆಯಿರಿ, ಪ್ರತಿಯೊಂದರ ಮುಂದೆ ಮಾಡೆಲ್, ಕೊಂಡ ವರ್ಷ, ಈಗಿನ ಅಂದಾಜು ಬೆಲೆ. ಜರ್ಮನ್ ಕಸ್ಟಮ್ಸ್‌ನ 0350 ಅಂತ ಒಂದು ಫಾರ್ಮ್ ಇದೆ, ಅದರ ಜೊತೆ ಈ ಪಟ್ಟಿ, ಕೆಲಸದ ಕರಾರು ಪತ್ರ, ಇಲ್ಲಿನ ವಿಳಾಸ ನೋಂದಣಿಯ ಕಾಗದ ಕೊಡಬೇಕು. ನಿಮ್ಮ ಜೊತೆಗೇ ಸೂಟ್‌ಕೇಸ್‌ನಲ್ಲಿ ತಂದರೂ ಏರ್‌ಪೋರ್ಟ್ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ, ಅಂದರೆ ತೋರಿಸಬೇಕಾದ ಸಾಮಾನು ಇರುವವರ ದಾರಿಯಲ್ಲಿ, ಹೋಗಿ ತೋರಿಸಿ. ಹಸಿರು ದಾರಿಯಲ್ಲಿ ನುಸುಳಿ ಸಿಕ್ಕಿಬಿದ್ದರೆ ದಂಡ, ಬಂದ ಮೊದಲ ದಿನವೇ ಅದು ಬೇಕಾ?

ಟಿವಿ ಬಿಡಿ, ಅಪ್ಪ ಅಮ್ಮನ ಮನೆಯಲ್ಲಿ ಹಾಕಿ. ಪ್ರಿಂಟರ್ ಕೂಡ ಬಿಡಿ, ಕೆಲವು ಕಂಪನಿಗಳ ಕಾರ್ಟ್ರಿಡ್ಜ್ ದೇಶಕ್ಕೆ ಕಟ್ಟುಬಿದ್ದಿರುತ್ತದೆ, ಇಲ್ಲಿ ಕೊಂಡದ್ದನ್ನು ಅದು ಒಪ್ಪುವುದಿಲ್ಲ. ಕೀಬೋರ್ಡ್ ಮಾತ್ರ ಮರೆಯಬೇಡಿ. ಇಲ್ಲಿನ ಕೀಬೋರ್ಡ್‌ಗಳಲ್ಲಿ ವೈ ಮತ್ತು ಝಡ್ ಅದಲುಬದಲು, ಚಿಹ್ನೆಗಳೆಲ್ಲ ಬೇರೆ ಕಡೆ.

ಎಸ್ಪಿ ರೋಡ್ ಸ್ಕ್ರೂಡ್ರೈವರ್:

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಡೆಸ್ಕ್‌ಟಾಪ್ ಬಿಚ್ಚುವುದರ ಬಗ್ಗೆ ಹೇಳುತ್ತೇನೆ, ದಿನಾ ಇದೇ ಕೆಲಸ.

ಪೂರ್ತಿ ಜೋಡಿಸಿದ ಕ್ಯಾಬಿನೆಟ್ ಹಾಗೇ ಕಳಿಸಬೇಡಿ ಅಣ್ಣ. ದಾರಿಯಲ್ಲಿ ಯಾರೂ ಅದನ್ನು ನಿಲ್ಲಿಸಿಯೇ ಇಡುವುದಿಲ್ಲ. ನಿಮ್ಮ ಕಾರ್ಡ್ ಒಂದೂವರೆ ಕೆಜಿ ಹತ್ತಿರ ಇರಬಹುದು, ಅಷ್ಟು ಭಾರ ಒಂದು ಪ್ಲಾಸ್ಟಿಕ್ ಸ್ಲಾಟ್ ಮತ್ತು ಹಿಂದಿನ ಎರಡು ಸ್ಕ್ರೂ ಮೇಲೆ ನೇತಾಡುತ್ತಿರುತ್ತದೆ. ಡಬ್ಬ ಒಮ್ಮೆ ಮೊಣಕಾಲೆತ್ತರದಿಂದ ಬಿದ್ದರೆ ಸಾಕು, ಸ್ಲಾಟ್ ಬಿರುಕು ಬಿಟ್ಟು ಬೋರ್ಡ್ ಸಮೇತ ಹೋಗುತ್ತದೆ. ನನ್ನ ಮೇಜಿಗೆ ಬರುವ ಸಾಗಣೆ ಏಟಿನ ಬೋರ್ಡ್‌ಗಳಲ್ಲಿ ಜಾಸ್ತಿ ಕಾಣುವುದು ಇದೇ.

ಕೂಲರ್ ಬಿಚ್ಚುವಾಗ ಒಂದು ಎಚ್ಚರ. 5900ಎಕ್ಸ್ ಎಎಂ4 ಸಾಕೆಟ್‌ನದು, ಪಿನ್‌ಗಳು ಪ್ರೊಸೆಸರ್‌ನ ಹೊಟ್ಟೆಯಲ್ಲೇ ಇರುತ್ತವೆ, ಸಾಕೆಟ್ ಅದನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಪ್ರೊಸೆಸರ್‌ನ ಬಿಸಿ ಕೂಲರ್‌ಗೆ ದಾಟಲಿ ಅಂತ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಕೂಲರ್‌ಗೆ ಅಂಟಿಕೊಂಡಿರುತ್ತದೆ. ನೇರ ಮೇಲಕ್ಕೆ ಎಳೆದಿರೋ, ಲಿವರ್ ಹಾಕಿದ್ದಾಗಲೇ ಪ್ರೊಸೆಸರ್ ಕಿತ್ತು ಕೂಲರ್ ಜೊತೆ ಬರುತ್ತದೆ, ಪಿನ್ ಬಾಗುತ್ತದೆ. ಹಾಗಾಗಿ ಮೊದಲು ಹತ್ತು ಹದಿನೈದು ನಿಮಿಷ ಏನಾದರೂ ಭಾರಿ ಕೆಲಸ ಕೊಟ್ಟು ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ. ಅಂಟು ಬಿಟ್ಟಿದ್ದು ಕೈಗೇ ಗೊತ್ತಾಗುತ್ತದೆ. ಆಗ ಎತ್ತಿ. ಪ್ರೊಸೆಸರ್ ಮತ್ತು ರ‍್ಯಾಮ್ ಬೋರ್ಡ್‌ನಲ್ಲೇ ಇರಲಿ, ಪೇಸ್ಟ್ ಒರೆಸಿ, ಬೋರ್ಡನ್ನು ಆಂಟಿಸ್ಟ್ಯಾಟಿಕ್ ಕವರ್‌ಗೆ ಹಾಕಿ ಅದರದ್ದೇ ಡಬ್ಬದಲ್ಲಿಡಿ. ಕಾರ್ಡ್‌ಗೂ ಹಾಗೇ. ಮೂಲ ಡಬ್ಬ ಎಸೆದಿದ್ದರೆ ಎಸ್ಪಿ ರೋಡಿನಲ್ಲಿ ಖಾಲಿ ಡಬ್ಬ, ಕವರ್ ಎರಡೂ ಸಿಗುತ್ತವೆ, ಕೇಳಿ. ಬರೀ ಥರ್ಮಾಕೋಲ್ ಚೂರು ತುಂಬಬೇಡಿ, ಉಜ್ಜಿ ಉಜ್ಜಿ ಸ್ಟ್ಯಾಟಿಕ್ ಹುಟ್ಟುತ್ತದೆ.

ಬಿಚ್ಚುವ ಮೊದಲು ಪ್ರತಿ ವೈರ್ ಎಲ್ಲಿ ಹೋಗಿದೆ ಅಂತ ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ಬೇರೆ ಬೇರೆ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಯಾವುದರದ್ದು ಅಂತ ಬರೆಯಿರಿ. ಪವರ್ ಸಪ್ಲೈನ ಒಳ ಕೇಬಲ್‌ಗಳನ್ನು ಬೇರೆ ಸಪ್ಲೈನ ಕೇಬಲ್ ಜೊತೆ ಬೆರೆಸಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ತಂತಿ ಜೋಡಣೆ ಬೇರೆ ಇರಬಹುದು, ಹಾಕಿದ ಕೂಡಲೇ ಡಿಸ್ಕ್ ಸುಡುತ್ತದೆ.

ಆ ಎರಡು ಹಾರ್ಡ್ ಡಿಸ್ಕ್ ಕೈ ಚೀಲದಲ್ಲಿ, ನಿಮ್ಮ ಜೊತೆ ಕ್ಯಾಬಿನ್‌ನಲ್ಲೇ ಹೋಗಬೇಕು. ಏರ್‌ಪೋರ್ಟ್ ಎಕ್ಸ್-ರೇಯಿಂದ ಏನೂ ಆಗುವುದಿಲ್ಲ. ಹೊರಡುವ ಮೊದಲು ಎಲ್ಲದರ ಇನ್ನೊಂದು ಪ್ರತಿ ಮಾಡಿ ಬೇರೆಯವರ ಚೀಲದಲ್ಲಿ ಇಡಿ, ಆಗಿದ್ದರೆ ಮೂರನೆಯದನ್ನು ಅಪ್ಪನ ಮನೆಯಲ್ಲಿ ಬಿಡಿ. ಕಾರ್ಡ್ ಹೋದರೆ ಇನ್ನೊಂದು ಸಿಗುತ್ತದೆ. ಮಗುವಿನ ಫೋಟೋ ಎಲ್ಲಿ ಸಿಗುತ್ತದೆ ಹೇಳಿ?

ರಾಜಾಜಿನಗರ ರೆಂಡರ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆರು ತಿಂಗಳ ನಿಯಮ ಯಾರೂ ಹೇಳಿರಲಿಲ್ಲ. ಹೊಸ ಕಾರ್ಡ್ ಆಸೆ ಕೈಬಿಟ್ಟೆ.

ಹಾಗಾದರೆ ಬೋರ್ಡ್, ಕಾರ್ಡ್, ಕೂಲರ್, ಪವರ್ ಸಪ್ಲೈ ಮಾತ್ರ ಸೂಟ್‌ಕೇಸ್‌ನಲ್ಲಿ ಹಾಕಿ, ಕ್ಯಾಬಿನೆಟ್ ಅಲ್ಲೇ ಕೊಳ್ಳುವುದು ಒಳ್ಳೆಯದಾ? ಮಾನಿಟರ್, ಸ್ಪೀಕರ್, ಗ್ರೈಂಡರ್ ಏನು ಮಾಡಲಿ?

ವೈಟ್‌ಫೀಲ್ಡ್ ಗೋಡೌನ್:

ಸರಕು ಸಾಗಣೆಯಲ್ಲಿ ಕೆಲಸ ಮಾಡುತ್ತೇನೆ. ಹೌದು, ಕ್ಯಾಬಿನೆಟ್ ಬಿಡಿ. ಕಾರಣ ಗಾಜು ಮಾತ್ರ ಅಲ್ಲ, ಜಾಗ. ವಿಮಾನದಲ್ಲಿ ತೂಕ ಮತ್ತು ಗಾತ್ರ ಎರಡನ್ನೂ ನೋಡಿ ಯಾವುದು ಜಾಸ್ತಿಯೋ ಅದಕ್ಕೆ ಹಣ ಹಾಕುತ್ತಾರೆ. ಕ್ಯಾಬಿನೆಟ್ ಡಬ್ಬ 60, 35, 60 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ, ಗುಣಿಸಿದರೆ 1,26,000. ಏರ್ ಕಾರ್ಗೋದಲ್ಲಿ ಸಾಮಾನ್ಯವಾಗಿ 6000ದಿಂದ ಭಾಗಿಸುತ್ತಾರೆ, 21 ಕೆಜಿ. ಕೊರಿಯರ್‌ನವರು 5000ದಿಂದ, 25 ಕೆಜಿ ದಾಟಿತು. ಒಳಗೆ ಇರುವುದು ಬಹುಶಃ ಹದಿನೈದು ಕೆಜಿ. ಉಳಿದದ್ದು ಗಾಳಿಗೆ ಕಟ್ಟುವ ಹಣ. ಭಾಗಗಳನ್ನು ಬಿಚ್ಚಿದರೆ ಒಂದು 23 ಕೆಜಿ ಸೂಟ್‌ಕೇಸ್‌ನಲ್ಲಿ ಬಟ್ಟೆಯ ನಡುವೆ ಆರಾಮಾಗಿ ಕೂರುತ್ತವೆ, ಕಾರ್ಡ್ ಕ್ಯಾಬಿನ್ ಚೀಲಕ್ಕೇ ಹಾಕಿಕೊಳ್ಳಿ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಯಾವುದೂ ಚೆಕ್-ಇನ್ ಚೀಲಕ್ಕೆ ಹೋಗುವಂತಿಲ್ಲ, ಕ್ಯಾಬಿನ್‌ನಲ್ಲೇ ಇರಬೇಕು. ಯುಪಿಎಸ್ ಮರೆತುಬಿಡಿ, ಒಳಗಿನ ಲೆಡ್ ಬ್ಯಾಟರಿಯಿಂದ ಎಲ್ಲ ಕಡೆ ತಕರಾರು.

ಸ್ಪೀಕರ್, ಆಂಪ್ಲಿಫೈಯರ್, ಗ್ರೈಂಡರ್, ಮಾನಿಟರ್ ಹಡಗಿಗೆ ಹಾಕಿ. ದೊಡ್ಡ ಸ್ಪೀಕರ್‌ನ ಅಯಸ್ಕಾಂತಕ್ಕೆ ವಿಮಾನದಲ್ಲಿ ಬೇರೆ ನಿಯಮಗಳಿವೆ, ಹಡಗಿನಲ್ಲಿ ಆ ಕಿರಿಕಿರಿ ಇಲ್ಲ. ನಿಮ್ಮಷ್ಟು ಸಾಮಾನಿಗೆ ಪೂರ್ತಿ ಕಂಟೇನರ್ ಬೇಡ, ಬೇರೆಯವರ ಸರಕಿನ ಜೊತೆ ಹಂಚಿಕೊಂಡು ಹೋಗುತ್ತದೆ, ಘನ ಮೀಟರ್ ಲೆಕ್ಕದಲ್ಲಿ ಹಣ. ಬೆಂಗಳೂರಿನಿಂದ ಲಾರಿಯಲ್ಲಿ ಚೆನ್ನೈಗೆ, ಅಲ್ಲಿಂದ ಹ್ಯಾಂಬರ್ಗ್‌ಗೆ, ಮತ್ತೆ ಲಾರಿ. ಮನೆಯಿಂದ ಮನೆಗೆ ಎರಡು ತಿಂಗಳಿಗಿಂತ ಕಡಿಮೆ ಅಂತ ಲೆಕ್ಕ ಹಾಕಬೇಡಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹಳಷ್ಟು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು, ಅದಕ್ಕೇ ಹತ್ತು ದಿನದಿಂದ ಎರಡು ವಾರ ಜಾಸ್ತಿ. ಬುಕ್ ಮಾಡುವಾಗ ಯಾವ ದಾರಿ ಅಂತ ಕೇಳಿ. ರೇಟ್ ಕೇಳುವಾಗ ಹ್ಯಾಂಬರ್ಗ್ ಬಂದರಿನ ಖರ್ಚು, ಕಸ್ಟಮ್ಸ್ ಕ್ಲಿಯರೆನ್ಸ್, ಮನೆ ತಲುಪಿಸುವುದು ಎಲ್ಲ ಸೇರಿದೆಯಾ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಆ ತುದಿಯ ಬಿಲ್ ಕಂಡು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ಮರದ ಪೆಟ್ಟಿಗೆ ಮಾಡಿಸಿದರೆ ಶಾಖ ಸಂಸ್ಕರಣೆ ಆದ ಮರವೇ ಆಗಿರಬೇಕು, ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇರಬೇಕು. ಮೂಲೆ ಅಂಗಡಿಯ ಪ್ಯಾಕಿಂಗ್ ಮರ ಆ ತುದಿಯಲ್ಲಿ ನಡೆಯುವುದಿಲ್ಲ. ಹಡಗಿನ ಕಂಟೇನರ್ ಒಳಗೆ ಹಗಲು ಬಿಸಿ, ರಾತ್ರಿ ತಂಪು, ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ, ಆದ್ದರಿಂದ ಎಲೆಕ್ಟ್ರಾನಿಕ್ಸನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಾನಿಟರ್ ಮಲಗಿಸಿ ಇಡದಂತೆ ಡಬ್ಬದ ನಾಲ್ಕೂ ಕಡೆ ಬಾಣದ ಗುರುತು ಬರೆಯಿರಿ.

ವಿಮೆ. ನೀವೇ ಪ್ಯಾಕ್ ಮಾಡಿದ ಡಬ್ಬಗಳಿಗೆ ಎಷ್ಟೋ ಪಾಲಿಸಿಗಳು ಡಬ್ಬವೇ ಕಳೆದುಹೋದರೆ ಮಾತ್ರ ಕೊಡುತ್ತವೆ, ಒಡೆದರೆ ಇಲ್ಲ. ಇನ್ನೊಂದು ಕಂಡೀಷನ್ ಕೂಡ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹೊರಗೆ ಗೀರೂ ಇಲ್ಲದೆ ಒಳಗೆ ಕೆಟ್ಟಿದ್ದರೆ ಪರಿಹಾರ ಇಲ್ಲ. ಆಂಪ್ಲಿಫೈಯರ್, ಮಾನಿಟರ್ ಓಡುತ್ತಿರುವ ವಿಡಿಯೋ ತೆಗೆದಿಡಿ, ಸೀರಿಯಲ್ ನಂಬರ್ ಕಾಣಬೇಕು. ಆ ಎರಡೂ ವಸ್ತುವನ್ನಾದರೂ ಸಾಗಣೆಯವರ ಕೈಯಲ್ಲೇ ಪ್ಯಾಕ್ ಮಾಡಿಸಿ.

ಜಯನಗರ ಸೆಕೆಂಡ್ಸ್:

ನಾನು ಒಪ್ಪುವುದಿಲ್ಲ. ಇಷ್ಟೆಲ್ಲ ಒದ್ದಾಟ ಯಾಕೆ? ಕಾರ್ಡ್ ಒಳ್ಳೆ ರೇಟಿಗೆ ಇಲ್ಲೇ ಹೋಗುತ್ತದೆ, ಅಲ್ಲಿ ಎರಡು ವರ್ಷದ ವಾರಂಟಿಯೊಂದಿಗೆ ಹೊಸದು ಕೊಳ್ಳಬಹುದು. ಇಲ್ಲಿ ಕೊಂಡ ಮಾನಿಟರ್ ಅಲ್ಲಿ ಕೆಟ್ಟರೆ ಯಾರು ನೋಡುತ್ತಾರೆ? ಇಲ್ಲಿನ ವಾರಂಟಿ ಎಷ್ಟೋ ಬ್ರಾಂಡ್‌ಗಳಲ್ಲಿ ಇಲ್ಲಿಗೇ ಸೀಮಿತ. ಡಿಸ್ಕ್ ಮಾತ್ರ ತೆಗೆದುಕೊಂಡು ಹಗುರವಾಗಿ ಹೋಗಿ.

ನೆಕ್ಕರ್ ದಂಡೆ:

@ಜಯನಗರ ಸೆಕೆಂಡ್ಸ್, ಮಾನಿಟರ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಎರಡನ್ನೂ ಮಾರಿ ಇಲ್ಲಿ ಒಂದು ಕೊಳ್ಳುವುದು ಒಳ್ಳೆಯದು, ಗಾಜಿನ ಪ್ಯಾನೆಲ್ ಸಮುದ್ರ ದಾಟಿಸುವ ಅಗತ್ಯ ಇಲ್ಲ. ಡೆಸ್ಕ್‌ಟಾಪ್ ಭಾಗಗಳ ವಿಷಯದಲ್ಲಿ ಒಪ್ಪುವುದಿಲ್ಲ. ಇಲ್ಲಿ ಬಾಡಿಗೆ ಮನೆ ಅಂದರೆ ಎಷ್ಟೋ ಕಡೆ ಅಡುಗೆಮನೆ ಕೂಡ ಇರುವುದಿಲ್ಲ. ಸಿಂಕ್ ಇಲ್ಲ, ಕಪಾಟಿಲ್ಲ, ಒಲೆ ಇಲ್ಲ, ಚಾವಣಿಯಿಂದ ಬಲ್ಬ್ ಇಲ್ಲದ ತಂತಿ ನೇತಾಡುತ್ತಿರುತ್ತದೆ. ಮೂರು ತಿಂಗಳ ಬಾಡಿಗೆಯವರೆಗೆ ಡಿಪಾಸಿಟ್. ಟಿವಿ ಇಲ್ಲದಿದ್ದರೂ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ಮೊದಲ ಆರು ತಿಂಗಳು ಹಣ ನೀರಿನ ಹಾಗೆ ಹೋಗುತ್ತದೆ. ಆಗ ಕೈಯಲ್ಲಿ ಓಡುವ ಮೆಷಿನ್ ಇದ್ದರೆ ಹೊಸ ಕಾರ್ಡ್‌ಗೆ ದುಡ್ಡು ಹೊಂದಿಸುವ ಕಷ್ಟ ತಪ್ಪುತ್ತದೆ. ಕ್ಯಾಬಿನೆಟ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ.

ಚಳಿಗಾಲದಲ್ಲಿ ಬರುವುದಾದರೆ ಹೊರಗಿನಿಂದ ತಂದ ಡಬ್ಬವನ್ನು ತಕ್ಷಣ ಬಿಚ್ಚಿ ಆನ್ ಮಾಡಬೇಡಿ. ತಣ್ಣಗಿನ ಬೋರ್ಡ್ ಮೇಲೆ ಬೆಚ್ಚಗಿನ ಕೋಣೆಯ ತೇವ ಕೂರುತ್ತದೆ. ಮುಚ್ಚಿದ ಹಾಗೇ ಒಂದು ರಾತ್ರಿ ಬಿಡಿ.

ಡಲ್ಲಾಸ್ ಅಕ್ಕ:

ಇದನ್ನು ಅಮೆರಿಕಕ್ಕೆ ಹೊರಟವರೂ ಓದುತ್ತಾರೆ, ಅದಕ್ಕೇ ಒಂದು ಮಾತು ಸೇರಿಸುತ್ತೇನೆ. ಕರೆಂಟ್ ಬಗ್ಗೆ ಮೇಲೆ ಬರೆದದ್ದು ಇಲ್ಲಿಗೆ ನಡೆಯುವುದಿಲ್ಲ. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನ್‌ನಲ್ಲಿ 100 ವೋಲ್ಟ್, ಅದರಲ್ಲೂ ಟೋಕಿಯೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಸಾಮಾನಿನ ಹಿಂದಿನ ಚೀಟಿಯಲ್ಲಿ 100-240 ಅಂತ ಇದ್ದರೆ ಎಲ್ಲಿ ಬೇಕಾದರೂ ಒಯ್ಯಿರಿ, ಲ್ಯಾಪ್‌ಟಾಪ್ ಚಾರ್ಜರ್, ಈಗಿನ ಒಳ್ಳೆಯ ಡೆಸ್ಕ್‌ಟಾಪ್ ಸಪ್ಲೈಗಳು ಬಹುತೇಕ ಹಾಗೇ. ಹಳೇ ಸಪ್ಲೈಗಳ ಹಿಂದೆ 115/230 ಅಂತ ಕೆಂಪು ಸ್ವಿಚ್ ಇರುತ್ತದೆ. ಅದನ್ನು 115ಕ್ಕೆ ಇಟ್ಟು ಯಾರಾದರೂ ಊರಿಗೆ ವಾಪಸ್ ತಂದು 230ಕ್ಕೆ ಚುಚ್ಚಿದರೆ ಢಂ ಅನ್ನುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು.

220-240 ಅಂತ ಮಾತ್ರ ಬರೆದಿದ್ದರೆ ಇಲ್ಲಿಗೆ ತರಬೇಡಿ. ಊರಿನ 750 ವಾಟ್ ಮಿಕ್ಸಿಗೆ ಟ್ರಾನ್ಸ್‌ಫಾರ್ಮರ್ ಬೇಕೆಂದರೆ ಅದರ ಎರಡರಷ್ಟು ವಾಟ್‌ನದು ಬೇಕು, ಅಡುಗೆಮನೆ ಕಟ್ಟೆಯ ಮೇಲೆ ಇಡಲಾಗದಷ್ಟು ಭಾರ, ಮತ್ತು ಅದು ವೋಲ್ಟ್ ಬದಲಿಸುತ್ತದೆಯೇ ಹೊರತು ಹರ್ಟ್ಸ್ ಅಲ್ಲ. 110 ವೋಲ್ಟ್‌ಗೆಂದೇ ಮಾಡಿದ ಪ್ರೀತಿ ಮಿಕ್ಸಿ ಇಲ್ಲೇ ಸಿಗುತ್ತದೆ.

ರಾಜಾಜಿನಗರ ರೆಂಡರ್:

ಎಲ್ಲರ ಮಾತು ಕೇಳಿ ಹೆಂಡತಿ ಜೊತೆ ಕೂತು ನಿರ್ಧಾರ ಮಾಡಿದೆ. ಬೋರ್ಡ್, ಕೂಲರ್, ಪವರ್ ಸಪ್ಲೈ ಸೂಟ್‌ಕೇಸ್‌ಗೆ, ಕಾರ್ಡ್ ಮತ್ತು ಡಿಸ್ಕ್ ಕ್ಯಾಬಿನ್‌ಗೆ. ಮಾನಿಟರ್‌ಗಳು, ಕ್ಯಾಬಿನೆಟ್ ಮಾರಾಟಕ್ಕೆ. ಟಿವಿ, ಪ್ರಿಂಟರ್ ಅಪ್ಪನಿಗೆ, ಯುಪಿಎಸ್ ಭಾವನಿಗೆ. ಆಂಪ್ಲಿಫೈಯರ್, ಸ್ಪೀಕರ್, ಗ್ರೈಂಡರ್, ಮಿಕ್ಸಿ ಹಡಗಿಗೆ, ಅವರೇ ಪ್ಯಾಕ್ ಮಾಡುತ್ತಾರೆ. ಸ್ಪೀಕರ್ ಒಯ್ಯುವುದು ಲೆಕ್ಕಾಚಾರಕ್ಕೆ ಕೂರುವುದಿಲ್ಲ ಅಂತ ಗೊತ್ತು, ಆದರೂ ಒಯ್ಯುತ್ತೇನೆ. ಮಗಳಿಗೆ ಅದರಲ್ಲೇ ಹಾಡು ಕೇಳಿ ಅಭ್ಯಾಸ.

ಒಂದೇ ಒಂದು ಪ್ರಶ್ನೆ ಉಳಿಯಿತು. ಆಂಪ್ಲಿಫೈಯರ್‌ಗೆ ಎರಡೇ ತಂತಿಯ ಪ್ಲಗ್, ಅರ್ತ್ ಇಲ್ಲ. ಶುಕೋ ಪ್ಲಗ್ಗನ್ನು ಹೇಗೆ ತಿರುಗಿಸಿ ಬೇಕಾದರೂ ಹಾಕಬಹುದು ಅಂತ ಓದಿದೆ. ಫೇಸ್, ನ್ಯೂಟ್ರಲ್ ಅದಲುಬದಲಾದರೆ ತೊಂದರೆ ಇಲ್ವಾ?

ನೆಕ್ಕರ್ ದಂಡೆ:

ಓಡುವುದಕ್ಕೆ ತೊಂದರೆ ಇಲ್ಲ, ಎಸಿ ಕರೆಂಟ್. ಆದರೆ ಹಳೇ ಆಂಪ್ಲಿಫೈಯರ್‌ಗಳ ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ, ಉಲ್ಟಾ ಹಾಕಿದಾಗ ಅದು ನ್ಯೂಟ್ರಲ್ ಆಗಿರಬಹುದು, ಆಫ್ ಇದ್ದರೂ ಒಳಗೆ ಫೇಸ್ ಇರುತ್ತದೆ. ಮುಚ್ಚಳ ಬಿಚ್ಚುವ ಮೊದಲು ಪ್ಲಗ್ ಕಿತ್ತೇ ಬಿಡಿ, ಸ್ವಿಚ್ ನಂಬಬೇಡಿ. ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು ಬಂದರೆ ಪ್ಲಗ್ ತಿರುಗಿಸಿ ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಕಡಿಮೆಯಾಗುತ್ತದೆ. ಬಂದ ಮೇಲೆ ಮೆಸೇಜ್ ಮಾಡಿ, ಶುಕೋ ಪ್ಲಗ್ ಕೂರಿಸಲು ಬೇಕಾದ ಸಾಮಾನು ನನ್ನ ಹತ್ತಿರ ಇದೆ, ಶನಿವಾರ ಮನೆಗೇ ಬರುತ್ತೇನೆ.